ಹಿಟ್ಟಿಗೆ ಊದಿದವನು

"ಬಾಗಿಲು ಹಾಕೇ ಹಡಬೆ! ನಿನ್ನ ಮೋರೆ ನೋಡ್ಲಿಕ್ಕೆ ಅವ್ರು ಇಲ್ಲಿಗೆ ಬರುದಾ? ಮೇಲೆ ಕನ್ನಡ ಸಂಘದವ್ರು ಬರುವ ಹೊತ್ತಾಯ್ತು, ಇವಳು ಬಾಗಿಲು ತೆರೆದಿಟ್ಟು ಹಿಟ್ಟು ಕಲಸ್ತಾಳೆ!"

ಜನಾರ್ದನ ರಾಯರು ಕಾಲಿನಿಂದಲೇ ಬಾಗಿಲು ನೂಕಿದರು. ಅದರ ಅಂಚು ನನ್ನ ಭುಜಕ್ಕೆ ಬಡಿಯಿತು. ಕೈ ಮೊಣಕೈವರೆಗೆ ಹಿಟ್ಟಿನಲ್ಲಿತ್ತು, ಭುಜ ಉಜ್ಜಿಕೊಳ್ಳಲೂ ಆಗಲಿಲ್ಲ.

"ಹಾಕತೀನ್ರಿ ರಾಯ್ರ" ಅಂದೆ.

ವಡೋದರಾದ ಫತೇಗಂಜ್‌ನಲ್ಲಿ ರಾಯರ ಹೋಟೆಲಿನ ಇಡ್ಲಿಗೆ ಕಾಲೇಜು ಹುಡುಗರು ಸಾಲು ನಿಲ್ಲುತ್ತಾರೆ. ಹೊರಗಿನ ಬೋರ್ಡಿನಲ್ಲಿ 'ಶುದ್ಧ ಬ್ರಾಹ್ಮಣ ಅಡುಗೆ' ಎಂದು ಬರೆದಿದೆಯಂತೆ. ನನಗೆ ಓದು ಬರುವುದಿಲ್ಲ, ಮಗಳು ಮೇದಿನಿ ಹೇಳಿದ್ದು. ಗಾಜಿನ ಆಚೆ ಗಿರಾಕಿಗಳಿಗೆ ಕಾಣುವಂತೆ ಗಣಪತಿ ಭಟ್ಟರು ಜನಿವಾರ ಬಿಟ್ಟುಕೊಂಡು ದೋಸೆ ಹುಯ್ಯುತ್ತಾರೆ. ಹಿಟ್ಟು ಮಾತ್ರ ನನ್ನದು, ಹಿಂದಿನ ಕೋಣೆಯಲ್ಲಿ, ಮುಚ್ಚಿದ ಬಾಗಿಲ ಹಿಂದೆ. ನಾವು ಕೊಪ್ಪಳದ ಕಡೆಯ ಮಾದಿಗರು. ಇದು ರಾಯರಿಗೆ ಗೊತ್ತು, ಭಟ್ಟರಿಗೂ ಗೊತ್ತು. ಗೊತ್ತಿಲ್ಲದವರು ತಿನ್ನುವವರು ಮಾತ್ರ.

ರಾಯರು ಮೆಟ್ಟಿಲು ಹತ್ತಿದ ಮೇಲೆ ಕೈ ತೆಗೆದು, ಹಂಡೆಯ ಮೇಲೆ ಬಾಗಿ, ತುಟಿಯನ್ನು ನೊರೆಯ ಹತ್ತಿರ ಒಯ್ದು ಮೆಲ್ಲಗೆ ಊದಿದೆ. ಊದಿದ ಕಡೆ ಕುಳಿ ಬಿತ್ತು, ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಮುಚ್ಚಿಕೊಂಡಿತು. ಹಾಗೆ ಮುಚ್ಚಿಕೊಂಡರೆ ಹದ. ಮುಚ್ಚಿಕೊಳ್ಳದೆ ಹಾಗೇ ನಿಂತರೆ ಹುಳಿ ಹೆಚ್ಚಾಗಿದೆ ಎಂದು ಅರ್ಥ. ಗುಜರಾತಿನ ಈ ಸೆಖೆಯಲ್ಲಿ ಗಡಿಯಾರ ನೋಡಿ ಹಿಟ್ಟು ಉಬ್ಬಿಸಲು ಆಗುವುದಿಲ್ಲ. ಈ ಊದುವ ವಿದ್ಯೆಯನ್ನು ಕಂಡುಕೊಂಡವನು ನನ್ನ ಗಂಡ ಭೀಮಸೇನ. ಅವನು ಸತ್ತು ಮೂರು ವರ್ಷವಾಯಿತು. ಆದರೂ ದಿನಾ ಊದುತ್ತಲೇ ಇದ್ದಾನೆ.

ಇದು ಹುಚ್ಚು ಮಾತಲ್ಲ. ಕಳೆದ ವಾರ ಹಿಂದಿನ ಗಲ್ಲಿಯಲ್ಲಿ ತರಕಾರಿ ಕೊಳ್ಳುವಾಗ ಗಾಡಿಯವನು ಫೋನು ನೋಡುತ್ತ "ಛೀ" ಅಂದ. ಬಾಗಿ ನೋಡಿದರೆ ನನ್ನ ಗಂಡ. ಬಸ್‌ಸ್ಟಾಪಿನಲ್ಲಿ ಒಬ್ಬ ಅಜ್ಜಿ ಮೊಮ್ಮಗನಿಗೆ ತೋರಿಸುತ್ತಿದ್ದಳು, ಅಲ್ಲಿಯೂ ಅವನೇ. ಮಳೆಗಾಲಕ್ಕೊಮ್ಮೆ, ಹಬ್ಬಕ್ಕೊಮ್ಮೆ, ಚುನಾವಣೆಗೊಮ್ಮೆ ತಪ್ಪದೆ ಬರುತ್ತಾನೆ. ಬೇರೆಯವರ ಗಂಡಂದಿರು ಸತ್ತರೆ ವರ್ಷಕ್ಕೊಮ್ಮೆ ಎಡೆ ಇಟ್ಟರೆ ಸಾಕು. ನನ್ನವನಿಗೆ ಆ ಪುಣ್ಯವಿಲ್ಲ. ಊರ ತುಂಬ ಜನ ಅವನನ್ನು ಬೆರಳಿನಿಂದ ತಟ್ಟಿ ಎಬ್ಬಿಸುತ್ತಾರೆ, ಉಗಿಯುತ್ತಾರೆ, ಮುಂದಿನವರಿಗೆ ಕಳಿಸುತ್ತಾರೆ.

ವಿಡಿಯೊ ತೆಗೆದವಳು ನನ್ನ ಮಗಳೇ. ಊರಿನಲ್ಲಿ ನನ್ನ ಗಂಡನ ಅಣ್ಣ ರಸ್ತೆ ಬದಿಯಲ್ಲಿ ಇಡ್ಲಿ ಗಾಡಿ ಇಡುವವನಿದ್ದ. ಹಿಟ್ಟಿನ ಹದ ಹೇಗೆ ನೋಡುವುದು ಎಂದು ಕೇಳಿದ. ಅವನಿಗೂ ಓದು ಬರುವುದಿಲ್ಲ. ಹಾಗಾಗಿ ಭೀಮಸೇನ ಇದೇ ಹಿಂದಿನ ಕೋಣೆಯಲ್ಲಿ ಹಂಡೆಯ ಮುಂದೆ ನಿಂತು, ಮಾತಾಡುತ್ತ, ಊದಿ ತೋರಿಸಿದ. ಹನ್ನೊಂದು ವರ್ಷದ ಮೇದಿನಿ ಫೋನು ಹಿಡಿದಳು. ದೊಡ್ಡಪ್ಪನಿಗೆ ಕಳಿಸಿದ್ದಲ್ಲದೆ, ಅಪ್ಪ ಚೆಂದ ಕಾಣುತ್ತಾನೆ ಎಂದು ತನ್ನ ಸ್ಟೇಟಸ್ಸಿಗೂ ಹಾಕಿಕೊಂಡಳು. ಅದೇ ತಪ್ಪಾಯಿತು.

ಯಾವನೋ ಅದನ್ನು ಎತ್ತಿಕೊಂಡು, ಬಾಗಿ ಊದುವ ತುಂಡನ್ನಷ್ಟೇ ಕತ್ತರಿಸಿ, ಮಾತು ತೆಗೆದು, 'ಥೂ' ಎನ್ನುವ ಸದ್ದು ಸೇರಿಸಿದ. ಬಾಯಿಯ ಸುತ್ತ ಕೆಂಪು ಗೆರೆ ಎಳೆದ. ಹಿಟ್ಟಿಗೆ ಉಗುಳುತ್ತಿದ್ದಾನೆ ನೋಡಿ ಎಂದು ಗುಜರಾತಿಯಲ್ಲಿ ಬರೆದ. ಸೂರತ್‌ನಲ್ಲಿ ತಿರುಗಿದಾಗ ನನ್ನ ಗಂಡನಿಗೆ ಬೇರೆ ಹೆಸರು, ಬೇರೆ ಧರ್ಮ. ಅಹಮದಾಬಾದಿನಲ್ಲಿ ತಿರುಗಿದಾಗ ಇನ್ನೊಂದು. ಹುಟ್ಟಿದ್ದು ಒಂದೇ ಸಲ, ಅದೆಷ್ಟು ಜಾತಿಯಲ್ಲಿ ಉಗಿಸಿಕೊಂಡನೋ.

ಒಬ್ಬ ಗಿರಾಕಿ ಬಂದು "ಇದು ನಿಮ್ಮ ಹೋಟೆಲ್ಲೇ ಅಲ್ಲವೇ?" ಎಂದು ಕೇಳಿದ ದಿನ ರಾಯರು ನಮ್ಮ ಮೂವರನ್ನೂ ಕ್ಯಾಬಿನ್ನಿಗೆ ಕರೆದರು. ಮೇದಿನಿ ಅಳುತ್ತ ಪೂರ್ತಿ ವಿಡಿಯೊ ತೋರಿಸಿದಳು. "ಇದನ್ನ ಎಲ್ಲರಿಗೂ ತೋರಸ್ರಿ ರಾಯ್ರ, ನಾ ಉಗುಳಿಲ್ಲ ಅಂತ ಗೊತ್ತಾಗತೈತಿ" ಎಂದ ಭೀಮಸೇನ. ರಾಯರು ಕೊನೆಯವರೆಗೆ ನೋಡಿದರು. ಅದರಲ್ಲಿ ಅವನು ಅಣ್ಣನಿಗೆ ನಗುನಗುತ್ತ ನಮ್ಮ ಓಣಿಯ ಹೆಸರು ಹೇಳುತ್ತಾನೆ, ಕೇಳಿದರೆ ಜಾತಿ ತಿಳಿಯುವ ಹೆಸರು.

"ತಲೆ ಉಂಟಾ ನಿಂಗೆ? ಉಗುಳಿದ ಅಂದ್ರೆ ಒಬ್ಬ ಕೆಲಸದವನ ತಪ್ಪು. ಒಂಬತ್ತು ವರ್ಷ ಮಾದಿಗ ಹಿಟ್ಟು ಕಲಸಿದ ಅಂದ್ರೆ ನನ್ನ ಹೋಟೆಲು ಮುಚ್ಚುದೇ."

ಮಗಳ ಫೋನು ಕಿತ್ತುಕೊಂಡು ಅದನ್ನು ಅಳಿಸಿದರು. ಆಮೇಲೆ ತಮ್ಮ ಫೋನು ಎತ್ತಿ ಹಿಡಿದು, ಕೈ ಮುಗಿ ಎಂದರು. ಕುಡಿದಿದ್ದೆ, ಸೂರತ್ತಿನ ಒಂದು ಹೋಟೆಲಿನಲ್ಲಿ ತಪ್ಪು ಮಾಡಿದೆ, ಕ್ಷಮಿಸಿ ಎಂದು ಹಿಂದಿಯಲ್ಲಿ ಹೇಳಿಸಿದರು. ಜೀವಮಾನದಲ್ಲಿ ಹೆಂಡ ಮುಟ್ಟದವನು. ಎರಡು ಸಲ ತಡವರಿಸಿದ. "ಸರಿಯಾಗಿ ಒದರು, ಬೇವರ್ಸಿ. ಹೆಂಡ್ತಿ ಮಗಳಿಗೆ ನಾನು ಕೊಟ್ಟ ಖೋಲಿ ಬೇಡ್ವಾ?" ಎಂದರು. ಮೂರನೆಯ ಸಲ ಸರಿಯಾಗಿ ಹೇಳಿದ. ತಮ್ಮ ಹೆಸರು ಬಾರದಂತೆ ರಾಯರು ಅದನ್ನೂ ಊರ ಫೋನುಗಳಿಗೆಲ್ಲ ಹರಿಬಿಟ್ಟರು.

ಅವತ್ತೇ ಅವನನ್ನು ಓಡಿಸಿದರು. ನನ್ನನ್ನು ಇಟ್ಟುಕೊಂಡರು, ಹದ ಗೊತ್ತಿದ್ದವಳು ನಾನೊಬ್ಬಳೇ ಉಳಿದಿದ್ದೆ.

ಸೂರತ್‌ನ ಕತಾರ್‌ಗಾಮ್‌ನಲ್ಲಿ ಬಟ್ಟೆ ಕಾರ್ಖಾನೆಯವರ ಊಟದ ಮನೆಯಲ್ಲಿ ಅವನಿಗೆ ಕೆಲಸ ಸಿಕ್ಕಿತು. ಎಂಟನೆಯ ದಿನ ಒಬ್ಬ ಫೋನು ನೋಡಿ ಗುರುತು ಹಿಡಿದ. ಹತ್ತು ಜನ ಸೇರಿ ಹೊಡೆದು ಮುಖಕ್ಕೆ ಉಗುಳಿದರು. ಈ ಕತೆಯಲ್ಲಿ ನಿಜವಾಗಿ ಉಗುಳಿದವರು ಅವರೇ. ಅಲ್ಲಿಂದ ಅಹಮದಾಬಾದಿಗೆ ಹೋಗಿ ನರೋಡಾದಲ್ಲಿ ಮೂಟೆ ಹೊರುವ ಕೆಲಸ ಹಿಡಿದ. ಕಣ್ಣು ಮಾತ್ರ ಕಾಣುವಂತೆ ಮುಖಕ್ಕೆ ಟವಲು ಸುತ್ತಿಕೊಂಡೇ ಇರುತ್ತಿದ್ದನಂತೆ, ಉಣ್ಣುವಾಗಲೂ ಗೋಡೆಗೆ ತಿರುಗಿ ಕೂರುತ್ತಿದ್ದನಂತೆ. ಲಾರಿಯ ಮೇಲೆ ಮೂಟೆ ಹೊತ್ತು ಹಿಂದಕ್ಕೆ ಸರಿಯುವಾಗ ಟವಲು ಕಣ್ಣಿಗೆ ಜಾರಿ, ಅಂಚು ಕಾಣದೆ ಬಿದ್ದ. ಹೆಣ ನೋಡಲು ಹೋದಾಗಲೂ ಟವಲು ಹಾಗೇ ಇತ್ತು. ಬಿಚ್ಚಿದವಳು ನಾನು.

ಹದಿನೈದು ದಿನದ ಹಿಂದೆ ಮೇದಿನಿ ಓಡುತ್ತ ಬಂದಳು. ಈಗ ಹದಿನಾಲ್ಕು ಅವಳಿಗೆ.

"ಮಮ್ಮಿ, ದೊಡ್ಡಪ್ಪನ ಫೋನ್‌ನಲ್ಲಿ ಪಪ್ಪನ ವಿಡಿಯೊ ಹೈ! ಪೂರಾ! ಅವ್ರು ಡೈಲಿ ನೋಡಿ ಹಿಟ್ಟು ಮಾಡ್ತಾರೆ. ನಂಗೆ ಕಳಿಸಿದ್ರು."

ಮೂರು ವರ್ಷದ ಮೇಲೆ ಅವನ ದನಿ ಕೇಳಿದೆ. ಸೆರಗು ಬಾಯಿಗೆ ತುರುಕಿಕೊಂಡು ಅತ್ತೆ. ಆಮೇಲೆ ಹೆದರಿದೆ.

"ಯಾರಿಗೂ ತೋರಸಬ್ಯಾಡ. ಅದರಾಗ ಓಣಿ ಹೆಸರೈತಿ. ಖೋಲಿ ಹೋಗತೈತಿ, ನಿನ್ನ ಸಾಲಿ ಹೋಗತೈತಿ."

"ಔರ್ ಪಪ್ಪ? ಪಪ್ಪ ಹೀಗೇ ಥೂಕ್‌ವಾಲಾ ಆಗಿ ಇರ್ಬೇಕಾ?"

ಅವಳು ನನ್ನೊಡನೆ ನಾಲ್ಕು ದಿನ ಮಾತು ಬಿಟ್ಟಳು.

ಇವತ್ತು ಭಾನುವಾರ, ಹೋಟೆಲಿನ ಮೇಲಿನ ಹಾಲಿನಲ್ಲಿ ಕನ್ನಡ ಸಂಘದವರ ಸಭೆ. ಬ್ಯಾಂಕು, ರೈಲ್ವೆ, ಎಲ್‌ಐಸಿಯಲ್ಲಿ ವರ್ಗವಾಗಿ ಬಂದವರ ಕುಟುಂಬಗಳು. ಮೊದಲು ಇಡ್ಲಿ-ಸಾಂಬಾರು, ಆಮೇಲೆ ಫೋನಿನಲ್ಲಿ ಬರುವ ಸುಳ್ಳು-ನಿಜ ಪತ್ತೆ ಹಚ್ಚುವುದು ಹೇಗೆ ಎಂಬ ಪಾಠ. ಹೇಳಿಕೊಡುವವಳು ಅರ್ಪಿತಾ, ಬ್ಯಾಂಕ್ ಮ್ಯಾನೇಜರರ ಮಗಳು, ಇಲ್ಲೇ ಯೂನಿವರ್ಸಿಟಿಯಲ್ಲಿ ಓದುವವಳು. ಮಾಣಿಯೊಬ್ಬ ರಜೆ ಹಾಕಿದ್ದರಿಂದ ಕಾಫಿ ಕೊಡಲು ರಾಯರು ನನ್ನನ್ನೇ ಮೇಲೆ ಕರೆದರು. "ಕೊಟ್ಟು ಗೋಡೆ ಬದಿಗೆ ನಿಲ್ಲುದು. ಬಾಯಿ ಬಿಚ್ಚುದು ಬೇಡ" ಎಂದರು. ಮೇದಿನಿ ಖಾಲಿ ತಟ್ಟೆ ಎತ್ತುತ್ತಿದ್ದಳು.

"ನನ್ನ ಕನ್ನಡ ಸ್ವಲ್ಪ ವೀಕ್, ಸಾರಿ" ಎಂದು ಅರ್ಪಿತಾ ಶುರು ಮಾಡಿದಳು. ಒಳ್ಳೆಯ ಹುಡುಗಿ. ಯಾವುದೋ ಪ್ರವಾಹದ ಫೋಟೊ, ಯಾವುದೋ ಔಷಧಿಯ ಸುದ್ದಿ ತೋರಿಸಿ ಸುಳ್ಳೆಂದು ಬಿಡಿಸಿ ಹೇಳಿದಳು. ಜನ ತಲೆದೂಗಿದರು. ಆಮೇಲೆ ಗೋಡೆಯ ಮೇಲೆ ನನ್ನ ಗಂಡ ಬಂದ, ಆಳೆತ್ತರಕ್ಕಿಂತ ದೊಡ್ಡದಾಗಿ. ಬಾಗಿದ. ಊದಿದ. ಥೂ.

ಹೆಂಗಸೊಬ್ಬರು ತಟ್ಟೆ ಕೆಳಗಿಟ್ಟು ಮುಖ ಕಿವುಚಿದರು. ಬಾಗಿಲ ಬಳಿ ನಿಂತಿದ್ದ ರಾಯರ ಮುಖ ಬಿಳುಚಿತು.

"ಈ ರೆಡ್ ಸರ್ಕಲ್, ಈ ಸೌಂಡ್ ನೋಡಿದ್ರೆ ಫೇಕ್ ಅನಿಸುತ್ತೆ ಅಲ್ವಾ?" ಅಂದಳು ಅರ್ಪಿತಾ. "ನಂಗೂ ಹಾಗೇ ಅನಿಸ್ತು. ಬಟ್ ನಾನು ಚೆಕ್ ಮಾಡ್ದೆ. ಈ ವ್ಯಕ್ತಿ ತಾನೇ ಒಪ್ಕೊಂಡಿದ್ದಾನೆ. ಸೋ ಇದು ಟ್ರೂ. ಮನಸ್ಸಿಗೆ ಅನಿಸಿದ್ದನ್ನ ನಂಬಬಾರದು, ಪ್ರೂಫ್ ನೋಡ್ಬೇಕು."

ಭೀಮಸೇನ ಗೋಡೆಯ ಮೇಲೆ ಕೈ ಮುಗಿದ. ಕುಡಿದಿದ್ದೆ ಎಂದ. ಯಾರೋ "ದರಿದ್ರದವ್ನು" ಅಂದರು. ನಾಲ್ಕು ಜನ ನಕ್ಕರು.

ಸುಳ್ಳರ ಕೈಯಲ್ಲಿ ಅವನು ಸಾವಿರ ಸಲ ಸತ್ತದ್ದನ್ನು ತಡೆದುಕೊಂಡಿದ್ದೆ. ನಿಜ ಹುಡುಕುವವರ ಕೈಯಲ್ಲೂ ಸತ್ತದ್ದನ್ನು ತಡೆಯಲಾಗಲಿಲ್ಲ. ಕಾಫಿಯ ತಟ್ಟೆಯನ್ನು ನೆಲಕ್ಕಿಟ್ಟೆ.

"ತಂಗೀ, ಅದನ್ನ ಅಲ್ಲೇ ನಿಲ್ಲಸು."

"ಆಂಟಿ?"

"ನಿಲ್ಲಸವ್ವ. ಅವ ಏನಂದ ಅಂತ ಕೇಳಿದಿ. ಹಂಗ ಅನ್ನಿಸಿದವ್ರು ಯಾರಂತ ಕೇಳಿದಿ ಏನು? ಫೋನು ಹಿಡಿದವ್ರು ಯಾರಂತ ನೋಡಿದಿ ಏನು?"

"ಏಯ್, ಕೆಳಗೆ ನಡಿ!" ರಾಯರು ಮುಂದೆ ಬಂದರು. "ಇವಳಿಗೆ ತಲೆ ಸರಿ ಇಲ್ಲ, ನೀವು ಮುಂದುವರಿಸಿ ಮಗಾ."

"ನನಗ ಅಕ್ಷರ ಬರೂದಿಲ್ಲ" ಎಂದೆ. "ಆದ್ರ ಇದನ್ನ ನೂರು ಸಲ ನೋಡೇನಿ. ಅವನ ಹಿಂದ ಗಾಜಿನ ಕಪಾಟೈತಿ ನೋಡ್ರಿ. ಅದರಾಗ ನೆರಳೈತಿ. ದೊಡ್ಡದು ಮಾಡು ತಂಗಿ."

ಅರ್ಪಿತಾ ಒಂದು ಗಳಿಗೆ ರಾಯರನ್ನು ನೋಡಿದಳು, ಒಂದು ಗಳಿಗೆ ನನ್ನನ್ನು. ಆಮೇಲೆ ದೊಡ್ಡದು ಮಾಡಿದಳು. ಗಾಜಿನಲ್ಲಿ ಫೋನು ಎತ್ತಿದ ಒಂದು ಕೈ, ಅದರ ಹಿಂದೆ ಬೋಳು ಹಣೆ, ಗಂಧದ ಬೊಟ್ಟು, ದಪ್ಪ ಕನ್ನಡಕ. ಇಡೀ ಹಾಲು ಗೋಡೆಯನ್ನು ನೋಡಿ ತಿರುಗಿ ಬಾಗಿಲ ಬಳಿಯ ಮುಖವನ್ನು ನೋಡಿತು.

"ಇದು ಸೂರತ್ತಲ್ಲ. ಇದೇ ಹೋಟೆಲು, ಕೆಳಗಿನ ಕ್ಯಾಬಿನ್ನು. ಹೋಗಿ ನೋಡ್ರಿ, ಕಪಾಟು ಅಲ್ಲೇ ಐತಿ. ಆ ಮನಷ್ಯಾ ನನ್ನ ಗಂಡ. ಉಗುಳಿಲ್ಲ ಅವ. ಮೇದಿನೀ, ಅಪ್ಪನ್ನ ಹಾಕು."

"ಮಮ್ಮಿ, ಖೋಲಿ..."

"ಹೋಗಲಿ. ಹಾಕು."

"ಹಾಕಿದ್ರೆ ಇವತ್ತೇ ನಿಮ್ಮ ಗಂಟುಮೂಟೆ ಬೀದಿಗೆ, ನೆನಪಿಟ್ಕೋ!" ಎಂದು ರಾಯರು ಪ್ರೊಜೆಕ್ಟರಿನ ವಯರಿಗೆ ಕೈ ಹಾಕಿದರು. ಅರ್ಪಿತಾ ಸುಮ್ಮನೆ ಅವರಿಗೂ ವಯರಿಗೂ ನಡುವೆ ಬಂದು ನಿಂತಳು. ಮೇದಿನಿಯ ಫೋನನ್ನು ತಾನೇ ಜೋಡಿಸಿದಳು.

ಭೀಮಸೇನ ಮತ್ತೆ ಬಂದ. ಈ ಸಲ ಕೆಂಪು ಗೆರೆ ಇಲ್ಲ, ದನಿ ಇದೆ.

"ಅಣ್ಣಾ, ಹಿಂಗ ಬಗ್ಗಿ ಊದಬೇಕು, ಮೆತ್ತಗ. ಕೂಸಿನ ಕಣ್ಣಾಗ ಕಸ ಬಿದ್ರ ಊದತೀವಲ್ಲ, ಹಂಗ. ಬಾಯಾಗಿನ ಹನಿ ಬೀಳಬಾರದು ಮತ್ತ. ನೋಡು ನೋಡು, ಕುಳಿ ಮುಚ್ಚಿತಿಲ್ಲ? ಹದ ಬಂತು. ನಮ್ಮ ಮಾದಗೇರ ಓಣ್ಯಾಗ ನೀರು ಸೈತ ಎತ್ತಿ ಹಾಕತಿದ್ರು ನಮಗ. ಇಲ್ಲಿ ದೊಡ್ಡ ದೊಡ್ಡ ಮಂದಿ ನನ್ನ ಕೈಯಾಗಿನ ಇಡ್ಲಿ ಬೆರಳು ನೆಕ್ಕಿ ತಿಂತಾರಣ್ಣ. ನೀನೂ ಮಾಡು, ಅಂಜಬ್ಯಾಡ."

ಅವನು ಉಗುಳಲಿಲ್ಲ ಎಂದು ಈಗ ಎಲ್ಲರಿಗೂ ಗೊತ್ತಾಯಿತು. ಯಾರಾದರೂ ಪಾಪ ಅನ್ನಬಹುದೆಂದು ಕಾದೆ. ಮುಂದಿನ ಸಾಲಿನ ಮುದುಕರೊಬ್ಬರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಉಳಿದವರು ತಮ್ಮ ತಮ್ಮ ತಟ್ಟೆ ನೋಡುತ್ತಿದ್ದರು.

"ಇವತ್ತಿಂದು?" ಎಂದು ಮುಖ ಕಿವುಚಿದ್ದ ಹೆಂಗಸು ಸಣ್ಣ ದನಿಯಲ್ಲಿ ಕೇಳಿದರು. "ಇವತ್ತಿನ ಇಡ್ಲಿ ಯಾರು...?"

"ನಾನೇರಿ ಅಕ್ಕಾರ. ಮೂರು ವರ್ಷದಿಂದ ನಾನೇ. ಮುಂಜಾನೆ ಊದೇನಿ, ಹದ ಬಂದಿತ್ತು."

ಅವರು ಎದ್ದರು. ಸೆರಗಿನಿಂದ ಬಾಯಿ ಮುಚ್ಚಿಕೊಂಡು ಮೂಲೆಯ ನಲ್ಲಿಯ ಕಡೆ ನಡೆದರು. ಅವರ ಹಿಂದೆ ಇನ್ನೊಬ್ಬರು. ನನ್ನ ಗಂಡ ಕೈ ಮುಗಿದಾಗ ನಕ್ಕಿದ್ದವರೂ ಎದ್ದರು. ಯಾರೂ ಬೈಯಲಿಲ್ಲ, ಎಲ್ಲರೂ ಓದಿದವರು. ಒಬ್ಬರ ಹಿಂದೆ ಒಬ್ಬರು ಸಾಲಾಗಿ ನಿಂತು, ಸದ್ದಾಗದಂತೆ ಬಾಯಿ ಮುಕ್ಕಳಿಸತೊಡಗಿದರು. ಅರ್ಪಿತಾ ಆ ಸಾಲಿನಲ್ಲಿ ತನ್ನ ತಾಯಿಯನ್ನು ಕಂಡು ಮುಖ ತಿರುಗಿಸಿದಳು.

ವಿಡಿಯೊ ಮುಗಿದು ಗೋಡೆ ಬೆಳ್ಳಗಾಯಿತು. ನಲ್ಲಿಯ ನೀರಿನ ಸದ್ದು ಮಾತ್ರ ಉಳಿಯಿತು.

"ಮೇದಿನೀ" ಎಂದೆ, "ಇನ್ನೊಮ್ಮೆ ಹಾಕು. ಈ ಸಲ ದನಿ ದೊಡ್ಡದಿಡು."