ಕೊನೆಯ ಅಂಕಿಯ ರಾಶಿ

ಆಸ್ಪತ್ರೆಯ ಹಳೆಯ ಫೈಲುಗಳ ಕೋಣೆಯಲ್ಲಿ ಕೆಲಸಕ್ಕಿರುವವರು ಇಬ್ಬರೇ, ನಾನು ಮತ್ತು ಭಾವ, ಅಂದರೆ ನನ್ನ ಅಕ್ಕನ ಗಂಡ. ಆವತ್ತು ಬೆಳಿಗ್ಗೆ ದೊಡ್ಡ ಕಪಾಟು ಮಗುಚಿ ಸಾವಿರಾರು ಫೈಲುಗಳು ನೆಲದ ಪಾಲಾದವು. ಸಾಲದ್ದಕ್ಕೆ ಅದೇ ಹೊತ್ತಿಗೆ ಅಕ್ಕನನ್ನು ಹೊಟ್ಟೆನೋವೆಂದು ಮೇಲಿನ ಮಹಡಿಗೆ ತಂದರು. ತಕ್ಷಣ ಆಪರೇಷನ್ ಆಗಬೇಕಿತ್ತು. ಹಿಂದಿನ ಸಲ ಆಪರೇಷನ್ನಿಗೆ ಕೊಟ್ಟ ಅರಿವಳಿಕೆ ಔಷಧಿ ಮೈಗೆ ಒಗ್ಗದೆ ಅವಳು ಸಾವಿನ ಕದ ತಟ್ಟಿ ಬಂದವಳು. ಯಾವ ಔಷಧಿ ಎಂಬುದು ಅವಳ ಹಳೆಯ ಫೈಲಿನಲ್ಲಷ್ಟೇ ಇತ್ತು. "ಬೇಗ ಕಳಿಸಿ, ತುಂಬಾ ಹೊತ್ತು ಕಾಯೋಕಾಗಲ್ಲ" ಎಂದು ಡಾಕ್ಟರು ಫೋನ್ ಮಾಡಿದರು.

ಭಾವ ಆಗಲೇ ನೆಲದಲ್ಲಿ ಕೂತು ಫೈಲು ಜೋಡಿಸುತ್ತಿದ್ದರು. ಅವರ ಪದ್ಧತಿಯೇ ಬೇರೆ. ನಂಬರಿನ ಕೊನೆಯ ಅಂಕಿ ನೋಡಿ ಹತ್ತು ರಾಶಿ ಮಾಡುವುದು, ಅವನ್ನು ಕ್ರಮವಾಗಿ ಒಟ್ಟುಗೂಡಿಸಿ ಅದರ ಹಿಂದಿನ ಅಂಕಿಗೆ ಮತ್ತೆ ಹತ್ತು ರಾಶಿ. ಹೀಗೆ ಎಡಕ್ಕೆ ಸರಿಯುತ್ತ ಹೋದರೆ ಎಲ್ಲವೂ ತಾವಾಗಿಯೇ ಸಾಲಿಗೆ ಬರುತ್ತವೆ.

ನನಗೋ ಮೂಗಿನ ತುದಿಯಲ್ಲೇ ಕೋಪ. "ಭಾವ, ಇದು ಆಮೆ ನಡಿಗೆ! ಚಿಕ್ಕ ಚಿಕ್ಕ ಕಟ್ಟು ಜೋಡಿಸಿಟ್ಟು, ಎರಡೆರಡು ಸೇರಿಸ್ತಾ ಹೋಗೋಣ."

"ಪ್ರತಿ ಸಲ ಯಾವ್ದು ದೊಡ್ಡದು, ಯಾವ್ದು ಚಿಕ್ಕದು ಅಂತ ಹೋಲಿಸ್ತಾ ಕೂರ್ತೀಯಾ? ಇಷ್ಟು ಫೈಲಿಗೆ ನನ್ನದೇ ಬೇಗ ಆಗೋದು."

"ನಂಬರಲ್ಲಿ ಎಷ್ಟು ಅಂಕಿ ಇದೆಯೋ ಅಷ್ಟು ಸಲ ಎಲ್ಲಾನೂ ಎತ್ತಿಡಬೇಕಲ್ಲ ನೀವು?"

ಹಟಕ್ಕೆ ಬಿದ್ದು ನಾನೂ ಒಂದು ಮೂಲೆಯಲ್ಲಿ ನನ್ನ ಕಟ್ಟುಗಳನ್ನು ಜೋಡಿಸತೊಡಗಿದೆ. ಭಾವ ತಮ್ಮ ರಾಶಿಗಳಿಗೆ ಒಂದೊಂದೇ ಫೈಲು ಹಾಕುತ್ತಲೇ ಇದ್ದರು. ಅಷ್ಟರಲ್ಲಿ ಫೋನ್ ಮತ್ತೆ ಹೊಡೆದುಕೊಂಡಿತು, ನಾನು ಕೈಯಲ್ಲಿದ್ದ ಕಟ್ಟನ್ನು ಕೆಳಗೆ ಹಾಕಿದೆ.

"ಅಯ್ಯೋ, ನಮಗೆ ಬೇಕಾಗಿರೋದು ಒಂದೇ ಫೈಲು! ಎಲ್ಲಾನೂ ಯಾಕೆ ಜೋಡಿಸ್ತಿದೀವಿ?"

ಭಾವ ಬೆಪ್ಪಾಗಿ ನನ್ನ ಮುಖ ನೋಡಿದರು. ಇಷ್ಟು ವರ್ಷ ಫೈಲು ಚೆಲ್ಲಿದರೆ ಜೋಡಿಸುವುದೊಂದೇ ನಮಗೆ ಗೊತ್ತಿದ್ದದ್ದು. ಭಯಕ್ಕೆ ಬುದ್ಧಿ ಮಂಕಾಗಿ, ಕೈ ಮಾತ್ರ ತನ್ನ ರೂಢಿಯ ಕೆಲಸ ಮಾಡುತ್ತಿತ್ತು.

"ಅಕ್ಕನ ನಂಬರ್ ಕೊನೆಗೆ ಏನು?"

"ಏಳು."

ಸದ್ಯ, ಭಾವನದು ಇನ್ನೂ ಮೊದಲ ಸುತ್ತು, ಏಳರ ರಾಶಿ ಬೇರೆಯೇ ಇತ್ತು. ಇಬ್ಬರೂ ಅದರ ಮೇಲೆ ಬಿದ್ದೆವು. ಅಕ್ಕನ ಫೈಲು ಹೆಚ್ಚುಕಡಿಮೆ ತಳದಲ್ಲೇ ಸಿಕ್ಕಿತು. ಎದ್ದೆನೋ ಬಿದ್ದೆನೋ ಎಂದು ಮೆಟ್ಟಿಲು ಹತ್ತಿ ಡಾಕ್ಟರ ಕೈಗೆ ಕೊಟ್ಟೆ. ಅವರು ಓದಿ, ಸಿದ್ಧಮಾಡಿಟ್ಟಿದ್ದ ಔಷಧಿಯನ್ನು ಬದಲಿಸಲು ಹೇಳಿ, ಇನ್ನು ಭಯವಿಲ್ಲ ಎಂದು ಒಳಗೆ ಹೋದರು.

ಕೆಳಗೆ ಬಂದಾಗ ಭಾವ ಅಲ್ಲೇ ಕೂತಿದ್ದರು. ಸರಿಯಾದ ಹೊತ್ತಿಗೆ ಸಿಕ್ಕಿತು, ಇನ್ನು ಭಯವಿಲ್ಲವಂತೆ ಎಂದೆ. ಅವರು ಏಳರ ರಾಶಿಯನ್ನೇ ನೋಡುತ್ತಿದ್ದರು.

"ತಳದಲ್ಲಿತ್ತು ಅಂದ್ರೆ ಮೊದಮೊದಲೇ ನನ್ನ ಕೈಗೆ ಬಂದಿತ್ತು ಕಣೇ. ಏಳು ಅಂತಷ್ಟೇ ನೋಡಿದೆ. ಅವಳ ಹೆಸರು ನೋಡಲೇ ಇಲ್ಲ."