ಶಾಹಜಾನಬಿಯ ಅಂಗಳದ ಕಂಬಿ

ಬಳ್ಳಾರಿಗೆ ಹೊಗೆಬಂಡಿ ಬಂದು ಹದಿನೈದು ವರ್ಷವಾಗಿದ್ದರೂ ಶಾಹಜಾನಬಿ ಅದನ್ನು ಹತ್ತಿರಲಿಲ್ಲ. ಚಿಕ್ಕಂದಿನಲ್ಲಿ, ಕುರುಗೋಡಿನ ತವರಿನಲ್ಲಿದ್ದಾಗಲೇ, ಸಿಡುಬು ಅವಳ ಎರಡೂ ಕಣ್ಣು ಕಳೆದಿತ್ತು. ಎತ್ತಿನ ಗಾಡಿಯನ್ನೂ ಚಕ್ರದಿಂದ ನೊಗದವರೆಗೆ ತಡವಿ ನೋಡಿಯೇ ಹತ್ತುವ ಹೆಂಗಸು. ಹೊಗೆಬಂಡಿಯನ್ನು ಹಾಗೆ ಉದ್ದಕ್ಕೂ ತಡವಲು ಯಾವ ಸ್ಟೇಷನ್ ಮಾಸ್ತರ ಬಿಟ್ಟಾನು?

ಈಗ ಗುಂತಕಲ್ಲಿನಲ್ಲಿ ಮಗಳಿಗೆ ದಿನ ತುಂಬುತ್ತ ಬಂದಿತ್ತು. ತವರಿಗೆ ಬರುವಷ್ಟು ಶಕ್ತಿಯಿಲ್ಲದ ಹುಡುಗಿ, ತಾಯಿ ಬೇಕೆಂದು ಹೇಳಿಕಳಿಸಿದ್ದಳು. ಮೇಲುಸೀಮೆಯ ಮಳೆಗೆ ಹಗರಿ ಹೊಳೆ ತುಂಬಿ ಗಾಡಿದಾರಿ ಮುಳುಗಿತ್ತು. ಉಳಿದದ್ದು ಹೊಗೆಬಂಡಿಯ ಸೇತುವೆಯೊಂದೇ.

"ಕೈಗೆ ತಿಳೀಲಾರದ್ದನ್ನ ನಾ ಹತ್ತಂಗಿಲ್ರಿ" ಎಂದಳು ಶಾಹಜಾನಬಿ.

ಗಂಡ ಶಾಮೀದಸಾಬ ಕಂಟೋನ್ಮೆಂಟಿನಲ್ಲಿ ಹೆಸರಾದ ಹಿತ್ತಾಳೆ ಕೆಲಸಗಾರ. ಹಟ ಅವನಿಗೇನು ಕಡಿಮೆಯೆ? ಅವಳ ಕೈಗೆ ತಿಳಿಯಲೆಂದು ಅಂಗಳದ ಈ ಗೋಡೆಯಿಂದ ಆ ಗೋಡೆಗೆ ಮರದ ಪಟ್ಟಿ ಹಾಸಿ, ಮೇಲೆ ಹಿತ್ತಾಳೆಯ ಕಂಬಿ ಜಡಿದ. ಅಂಗೈಯಗಲದ ಬಂಡಿಗಳನ್ನು ಮಾಡಿದ. ಕೊಡ ಬೆಸೆದು ಪಳಗಿದ ಕೈ ನೋಡಿ, ಹನಿ ನೀರೂ ಸೋರಬಾರದೆಂಬಂತೆ ಕಂಬಿಯ ತುದಿಗೆ ತುದಿ ಕೂಡಿಸಿ ಬೆಸೆದ. ಇರುವೆಯ ಕಾಲೂ ತೂರದು ಎಂದು ಬೀಗಿದ.

ಬೆಳಿಗ್ಗೆ ಬಂಡಿ ಸರಾಗವಾಗಿ ಓಡಿತು. ಮಧ್ಯಾಹ್ನ ಹೆಂಡತಿಯನ್ನು ಕಂಬಿಯ ಪಕ್ಕದಲ್ಲಿ ಕೂರಿಸಿ, ಅವಳ ಕೈಯಿಂದಲೇ ನೂಕಿಸಿದ. ನಡುದಾರಿಯಲ್ಲಿ ಬಂಡಿ ಮಗುಚಿತು. ನೋಡಿದರೆ ಕಂಬಿ ಹಾವಿನ ಹಾಗೆ ಡೊಂಕಾಗಿತ್ತು.

"ಹಗರಿ ಸೇತುವಿ ಮ್ಯಾಲೂ ಹಿಂಗ ಆಗತೈತೇನ್ರಿ?"

ಶಾಮೀದಸಾಬ ಅವಳ ಭಯವನ್ನು ತನ್ನ ಕೈಯಾರೆ ಗಟ್ಟಿ ಮಾಡಿದ್ದ.

ಕಂಬಿ ನೆಟ್ಟಗೆ ಮಾಡಿ ಇನ್ನಷ್ಟು ಮೊಳೆ ಹೊಡೆದ. ಮರುದಿನ ಬಿಸಿಲೇರಿದಾಗ ಮತ್ತೆ ಅದೇ ಹಾಡು. ರೋಸಿಹೋಗಿ, ದೊಡ್ಡ ಕಂಬಿ ಹೇಗಿದೆಯೋ ನೋಡೋಣವೆಂದು ಸಂಜೆ ಸ್ಟೇಷನ್ನಿನಾಚೆ ಹೋದ. ಅಲ್ಲಿ ಕಂಬಿ ರಿಪೇರಿಯ ಆಳು ಓಬಣ್ಣ ಕೆಲಸದಲ್ಲಿದ್ದ. ಎರಡು ಕಂಬಿ ಕೂಡುವಲ್ಲಿ ಕಡಲೆಕಾಳು ತೂರುವಷ್ಟು ಸಂದು. ಶಾಮೀದಸಾಬನಿಗೆ ನಗು ಬಂತು.

"ಏನಪಾ ಓಬಣ್ಣ, ಇಷ್ಟು ದೊಡ್ಡ ಸರಕಾರಕ್ಕ ಒಂದು ಬೆಸುಗಿ ಹಾಕಾಕ ಬರಂಗಿಲ್ಲೇನು?"

"ಬೇಕಂತ ಬಿಟ್ಟೈತ್ರಿ ಸಾಬ್ರ. ಬಿಸಲಿಗೆ ಕಬ್ಬಣ ಬೆಳೀತೈತಿ. ಜಾಗ ಕೊಡಲಿಲ್ಲಂದ್ರ ಡೊಂಕಾಗತೈತಿ."

ಶಾಮೀದಸಾಬನ ನಗು ನಿಂತಿತು. ಕುಲುಮೆಯಲ್ಲಿ ಲೋಹ ಹಿಗ್ಗುವುದನ್ನು ಜೀವಮಾನವೆಲ್ಲ ಕಂಡವನು ಅವನು. ಆದರೆ ಯಾರೂ ಮುಟ್ಟದೆ, ಬರೀ ಬಿಸಿಲಿಗೆ, ಕಣ್ಣು ಹಾಯುವಷ್ಟು ದೂರದ ಕಬ್ಬಿಣ ದಿನಾ ಬೆಳೆದು ದಿನಾ ಕುಗ್ಗುತ್ತದೆಯೆ? ಅವನ ಮೈ ಜುಮ್ಮೆಂದಿತು.

ಮನೆಗೆ ಬಂದು ತನ್ನ ಬೆಸುಗೆಗಳನ್ನೆಲ್ಲ ತಾನೇ ಕೊಯ್ದ, ಮೊಳೆಗಳನ್ನು ಸಡಿಲಿಸಿದ. ಮುಂಜಾನೆ ಹೆಂಡತಿಯ ಉಗುರನ್ನು ಒಂದು ಸಂದಿನಲ್ಲಿಟ್ಟು, "ಸುಮ್ನ ಕುಂದ್ರು" ಎಂದ. ಬಿಸಿಲೇರಿತು. ಸಂದು ಮೆಲ್ಲಗೆ ಬಂದು ಉಗುರನ್ನು ಹಿಡಿಯಿತು.

"ಇದಕ್ಕ ಜೀವ ಐತೇನ್ರಿ?" ಎಂದಳು ಅವಳು, ಪಿಸುದನಿಯಲ್ಲಿ. ಅವನು ಬಂಡಿಯನ್ನು ಅವಳ ಕೈಗಿಟ್ಟ. ಅಂದು ಸುಡುಬಿಸಿಲಿನಲ್ಲೂ ಬಂಡಿ ಆಚೆ ಗೋಡೆಯವರೆಗೆ ಓಡಿತು.

ಮರುದಿನ ಸ್ಟೇಷನ್ನಿನಲ್ಲಿ ಅವಳು ಕುಕ್ಕರಗಾಲಲ್ಲಿ ಕುಳಿತು ದೊಡ್ಡ ಕಂಬಿಯ ಮೇಲೆ ಅಂಗೈ ಊರಿದಳು. ಬಂಡಿ ಇನ್ನೂ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಕಂಬಿ ಸಣ್ಣಗೆ ನಡುಗತೊಡಗಿತು. ಶಾಮೀದಸಾಬ ಗಾಬರಿಯಿಂದ ಅವಳ ತೋಳು ಹಿಡಿದೆಬ್ಬಿಸಿದ.

"ಈ ಕಂಬಿ ಗುಂತಕಲ್ ಮಟ ಒಂದೇ ಸಾಲು ಹೋಗತೈತೇನ್ರಿ?"

"ಹೌದು."

"ಹಂಗಾದ್ರ ಮಗಳ ಮನಿ ಬಾಗಲಾ ಮುಟ್ಟಿಧಂಗಾತು. ಹತ್ತಸ್ರಿ ನನ್ನ."