ನೋವಿಲ್ಲದ ತಲೆನೋವು

ಏಣಿಯ ಎಂಟನೇ ಮೆಟ್ಟಿಲಲ್ಲಿ ನಿಂತಿದ್ದಾಗ ಗೋಡೆ ಮೆಲ್ಲಗೆ ಎಡಕ್ಕೆ ಜಾರಿತು. ಪೇಂಟರ್ ಬ್ರಷ್ ಕೈಬಿಟ್ಟು ಕಿಟಕಿಯ ಸರಳು ಹಿಡಿದುಕೊಂಡ. ಕೆಳಗೆ ಏಣಿ ಹಿಡಿದಿದ್ದ ಭಾವಮೈದನ ಹೆಗಲಿಗೆ ಬಣ್ಣ ಸಿಡಿಯಿತು.

"ಇಳೀರಿ ಭಾವ, ಮೊದ್ಲು ಇಳೀರಿ. ನೀವು ಬಿದ್ರೆ ಅಕ್ಕಂಗೆ ಯಾವ ಮುಖ ತೋರಿಸ್ಲಿ?"

ಹನ್ನೊಂದು ತಿಂಗಳಿಂದ ಇದೇ ಪಾಡು. ದೋಣಿಯಲ್ಲಿ ಕೂತ ಹಾಗೆ ನೆಲ ತೂಗುವುದು. ಒಮ್ಮೊಮ್ಮೆ ಮೂರು ದಿನ ಬಿಡದೆ. ಕಿವಿ ಸರಿ, ಕತ್ತು ಸರಿ, ರಕ್ತ ಸರಿ ಅಂದಿದ್ದರು ಮೂವರು ಡಾಕ್ಟರು. ಎಲ್ಲ ಸರಿ ಇರುವ ಮನುಷ್ಯ ಬಚ್ಚಲಿಗೆ ಗೋಡೆ ಹಿಡಿದು ಯಾಕೆ ಹೋಗುತ್ತಾನೆಂದು ಮಾತ್ರ ಯಾರೂ ಹೇಳಿರಲಿಲ್ಲ.

ಮಾರನೆಯ ದಿನ ನಾಲ್ಕನೆಯ ಡಾಕ್ಟರಮ್ಮ ಹಳೆಯ ಕಾಗದಗಳನ್ನೆಲ್ಲ ಪಕ್ಕಕ್ಕಿಟ್ಟು ಅವನನ್ನೇ ಕೇಳಿದರು. ಬೆಳಕು ಚುಚ್ಚುತ್ತಾ? ಚಿಕ್ಕಂದಿನಲ್ಲಿ ಬಸ್ಸಿನಲ್ಲಿ ವಾಂತಿ ಆಗ್ತಿತ್ತಾ? ಎರಡಕ್ಕೂ ಅವನು ಹೌದೆಂದ.

"ಇದು ಮೈಗ್ರೇನ್ ಇರ್ಬೇಕು."

"ತಲೆನೋವೇ ಇಲ್ವಲ್ಲಮ್ಮ?"

"ನೋವಿಲ್ದೇನೂ ಬರುತ್ತೆ."

"ತಲೆನೋವಿಗೆ ಮುಂಚೆ ಕಣ್ಣಲ್ಲಿ ಮಿಂಚು ಕಾಣುತ್ತೆ ಅಂತಾರಲ್ಲ, ಈ ತಲೆಸುತ್ತೂ ಅದೇನಾ?"

"ಕೆಲವರು ಹೌದಂತಾರೆ. ಆದ್ರೆ ಆ ಮಿಂಚು ಸಾಮಾನ್ಯವಾಗಿ ಒಂದು ಗಂಟೆಯೊಳಗೆ ಹೋಗ್ಬಿಡುತ್ತೆ, ನಿಮ್ಮದು ದಿನಗಟ್ಟಲೆ ಕೂರುತ್ತೆ. ಮಿಂಚು, ಸುತ್ತು ಎರಡೂ ಒಂದೇ ಮನೆಯವು ಅನ್ನಬಹುದು, ಎರಡೂ ಒಂದೇ ಅಂತ ನಾನು ಹೇಳಲಾರೆ. ಮಾತ್ರೆ ಬರೀತೀನಿ. ತಗ್ಗೋ ತನಕ ಏಣಿ ಹತ್ತಬೇಡಿ. ಮನೇಲಿ ಬೇರೆ ಯಾರಿಗಾದ್ರೂ ಇತ್ತಾ?"

ಇಲ್ಲ ಅನ್ನಲು ಬಾಯಿ ತೆರೆದವನಿಗೆ ನೆನಪಾಯಿತು.

ಅಮ್ಮ. ನೆಲ ತಿರುಗುತ್ತೆ ಅಂತ ವಾರಕ್ಕೊಮ್ಮೆ ಕಿಟಕಿ ಮುಚ್ಚಿ ಮಲಗಿಬಿಡುತ್ತಿದ್ದಳು. "ಕುಣಿಯಲಾರದವಳು ನೆಲ ಡೊಂಕು ಅಂದಳಂತೆ" ಎಂದು ಅಪ್ಪ ಬಂದವರ ಮುಂದೆಲ್ಲ ನಗುತ್ತಿದ್ದ. ಹದಿನಾಲ್ಕನೇ ವಯಸ್ಸಿನಲ್ಲಿ ಒಂದು ದಿನ ಇವನೂ ಹೊದಿಕೆ ಎಳೆದು, "ನಾಟಕ ಸಾಕು, ಏಳು" ಅಂದಿದ್ದ. ಅವಳು ಎದ್ದಿದ್ದಳು. ಗೋಡೆ ಹಿಡಿದು ಅಡುಗೆಮನೆಗೆ ಹೋಗಿದ್ದಳು.

ಆಸ್ಪತ್ರೆಯಿಂದ ಅವನು ನೇರ ತಂಗಿಯ ಮನೆಗೆ ಹೋದ. ಅಪ್ಪ ತೀರಿಕೊಂಡ ಮೇಲೆ ಅಮ್ಮ ಅಲ್ಲೇ ಇದ್ದಳು.

"ಅಮ್ಮಾ, ನಿನಗಿದ್ದದ್ದು ಕಾಯಿಲೆ ಕಣೇ. ಅದಕ್ಕೊಂದು ಹೆಸರಿದೆ."

ಅಮ್ಮ ಹೆಸರು ಕೇಳಲಿಲ್ಲ. ಅವನ ಮುಖವನ್ನೇ ನೋಡಿದಳು. "ನಿನಗೂ ಬಂತಾ?"

"ಹೂಂ."

"ಅಯ್ಯೋ ಮಗನೇ."

"ಆವತ್ತು ನಾನು ಹೊದಿಕೆ..."

"ಬಿಡು, ಆಗ ನೀನಿನ್ನೂ ಚಿಕ್ಕವನು. ಈಗ ತಿರುಗ್ತಿದೆಯಾ?"

"ತಿರುಗ್ತಿದೆ."

"ಕಣ್ಣು ಮುಚ್ಚಬೇಡ, ಮುಚ್ಚಿದ್ರೆ ಹೆಚ್ಚಾಗುತ್ತೆ. ಬಾ, ಇಲ್ಲಿ ಕೂರು. ಬಾಗಿಲ ಮೇಲೆ ಆ ಮೂಲೆ ಇದೆಯಲ್ಲ, ಅದನ್ನೇ ನೋಡ್ತಿರು. ನಾನು ಹಾಗೇ ಮಾಡ್ತಿದ್ದೆ."

ಒಣಗಿದ ಬಟ್ಟೆ ಹೊತ್ತು ತಂಗಿ ಒಳಗೆ ಬಂದಾಗ ಇಬ್ಬರೂ ಮಂಚದ ಮೇಲೆ ಭುಜಕ್ಕೆ ಭುಜ ತಾಗಿಸಿ ಕೂತಿದ್ದರು. ಅವರ ಮುಂದೆಯೇ ನಿಂತು, ಅವರು ನೋಡುತ್ತಿದ್ದ ಕಡೆ ಅವಳೂ ತಿರುಗಿ ನೋಡಿದಳು.

"ಅಲ್ಲೇನಿದೆ?"

"ಏನಿಲ್ಲ," ಅಂದಳು ಅಮ್ಮ. "ಸ್ವಲ್ಪ ಪಕ್ಕಕ್ಕೆ ನಿಲ್ಲು."